ಹ್ಯೂಮಿಡಿಫೈಯರ್ ಸರಿ, ಅದಕ್ಕೆ ಯಾವ ನೀರು ಹಾಕುತ್ತಿದ್ದೀರಿ?

ಹೀಟರ್ ಶುರುವಾದಾಗಿನಿಂದ ಮೂಗು ಒಣಗಿ ಉರಿಯುತ್ತಿದೆ, ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ತಂದಿಟ್ಟರೆ ಪಕ್ಕದ ಏರ್ ಪ್ಯೂರಿಫೈಯರ್‌ನಲ್ಲಿ ಗಾಳಿ ಕೊಳಕಾಗಿದೆ ಅನ್ನುವ ಕೆಂಪು ದೀಪ ಹತ್ತಿಕೊಳ್ಳುತ್ತೆ, ಯಾವುದು ಕೆಟ್ಟಿದೆ ಅಂತ ಕೇಳಿದ್ದೀರಿ. ಎರಡೂ ಕೆಟ್ಟಿಲ್ಲ.

ಚಳಿದೇಶದ ಮೊದಲ ಚಳಿಗಾಲ ಎಲ್ಲರಿಗೂ ಹೀಗೇ. ಹೊರಗೆ ಮೈನಸ್ 10 ಡಿಗ್ರಿ ಇದ್ದಾಗ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲ ನೀರಾವಿ ಹೆಚ್ಚುಕಮ್ಮಿ 2 ಗ್ರಾಂ. ಅದೇ ಗಾಳಿ ಒಳಗೆ ಬಂದು 21 ಡಿಗ್ರಿಗೆ ಕಾದರೆ 18 ಗ್ರಾಂ ಹಿಡಿಯುವಷ್ಟು ಬಾಯಾರಿರುತ್ತದೆ. ಆ ಕೊರತೆಯನ್ನು ನಿಮ್ಮ ಮೂಗು, ತುಟಿ, ಚರ್ಮದಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಹ್ಯೂಮಿಡಿಫೈಯರ್ ದುಂದುವೆಚ್ಚವೇನಲ್ಲ.

ಆದರೆ ನಿಮ್ಮದು ತಣ್ಣನೆಯ ಮಂಜು ಉಗುಳುವ ಅಲ್ಟ್ರಾಸಾನಿಕ್ ಯಂತ್ರ. ಅದು ನೀರನ್ನು ಆವಿ ಮಾಡುವುದಿಲ್ಲ, ಕಂಪನದಿಂದ ಹನಿ ಹನಿಯಾಗಿ ಒಡೆದು ತೂರುತ್ತದೆ. ಹನಿ ಗಾಳಿಯಲ್ಲಿ ಆರಿದ ಮೇಲೆ ನಲ್ಲಿನೀರಿನ ಸುಣ್ಣ, ಉಪ್ಪು ಸಣ್ಣ ಧೂಳಾಗಿ ತೇಲುತ್ತವೆ. ಟಿವಿ ಮೇಲೆ ಕೂತ ಬಿಳಿಪುಡಿ ಅದೇ. ಪ್ಯೂರಿಫೈಯರ್‌ನ ಸೆನ್ಸರ್ ಹನಿಯನ್ನೂ ಧೂಳೆಂದೇ ಲೆಕ್ಕ ಹಾಕಬಹುದು, ಆದರೂ ಅದರ ದೂರು ಪೂರ್ತಿ ಸುಳ್ಳಲ್ಲ. ಆ ಧೂಳು ಶ್ವಾಸಕೋಶದ ಒಳಗೆ ಇಳಿಯುವಷ್ಟು ಸಣ್ಣದು. ನೀರು ಕುದಿಸಿ ಹಾಕಿದರೆ ಪ್ರಯೋಜನವಿಲ್ಲ, ಸುಣ್ಣ, ಉಪ್ಪು ನೀರಿನಿಂದ ಪೂರ್ತಿ ಹೋಗುವುದಿಲ್ಲ. ಡಿಸ್ಟಿಲ್ಡ್ ವಾಟರ್, ಅಂದರೆ ಆವಿ ಮಾಡಿ ಮತ್ತೆ ತಣಿಸಿ ಹಿಡಿದ ನೀರು, ಹಾಕಿ. ಕ್ಯಾನ್ ಹೊತ್ತು ತರುವುದು ಬೇಜಾರಾದರೆ, ಒದ್ದೆ ಫಿಲ್ಟರ್ ಮೂಲಕ ಫ್ಯಾನ್ ಗಾಳಿ ಹಾಯಿಸುವ ಯಂತ್ರ ಕೊಳ್ಳಿ. ಸುಣ್ಣ ಆ ಫಿಲ್ಟರಿನಲ್ಲೇ ಕಟ್ಟಿಕೊಳ್ಳುತ್ತದೆ, ಆಗಾಗ ಬದಲಿಸಬೇಕು ಅಷ್ಟೇ. ನನ್ನ ಓಟು ಇದಕ್ಕೇ.

ನೀರನ್ನು ದಿನಾ ಚೆಲ್ಲಿ ಹೊಸದು ತುಂಬಿ, ಮೂರು ದಿನಕ್ಕೊಮ್ಮೆ ಟ್ಯಾಂಕ್ ತಿಕ್ಕಿ ತೊಳೆಯಿರಿ. ನಿಂತ ನೀರಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನೂ ಮಂಜಿನ ಜೊತೆ ಉಸಿರಾಡುತ್ತೀರಿ. ಹಾಗಂತ ನೀರಿಗೇ ಕ್ರಿಮಿನಾಶಕ ಬೆರೆಸಬೇಡಿ. ದಕ್ಷಿಣ ಕೊರಿಯಾದಲ್ಲಿ ಹ್ಯೂಮಿಡಿಫೈಯರ್‌ಗೆಂದೇ ಮಾರುತ್ತಿದ್ದ ಅಂಥ ದ್ರಾವಣದಿಂದ ಶ್ವಾಸಕೋಶ ಹಾಳಾಗಿ ಎಷ್ಟೋ ಜನ, ಅವರಲ್ಲಿ ಪುಟ್ಟ ಮಕ್ಕಳೂ, ಸತ್ತದ್ದು 2011ರಲ್ಲಿ ಬಯಲಾಯಿತು. ಸುಗಂಧ ತೈಲವೂ ಬೇಡ.

ಇನ್ನು, ಎಷ್ಟು ಹೊತ್ತು ಓಡಿಸಬೇಕು? ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ಇಟ್ಟುಕೊಳ್ಳಿ. ತೇವಾಂಶ ಶೇ. 30ರಿಂದ 50ರೊಳಗೆ ಇದ್ದರೆ ಸಾಕು. ಅದಕ್ಕಿಂತ ಮೇಲೇರಿದರೆ ಧೂಳುಹುಳಕ್ಕೆ, ಬೂಷ್ಟಿಗೆ ಹಬ್ಬ. ವಿಪರೀತ ಚಳಿಯಲ್ಲಿ 40ಕ್ಕೇ ಕಿಟಕಿ ಗಾಜು ಬೆವರಬಹುದು. ಬೆವರಿದರೆ ಮೀಟರ್ ಏನೇ ಹೇಳಲಿ, ಯಂತ್ರ ಆರಿಸಿ. ಹೊರಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆಯೂ ಒಮ್ಮೆ ಟಾರ್ಚ್ ಬಿಟ್ಟು ನೋಡಿ, ಬೂಷ್ಟು ಮೊದಲು ಹಿಡಿಯುವುದು ಅಂಥ ಕಡೆಯೇ.