ಹಳೆಯ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ ಕಾರು (180 ಅಶ್ವಶಕ್ತಿ, ಆಟೊಮ್ಯಾಟಿಕ್) ಕೊಂಡು ರೀಮ್ಯಾಪ್ ಮಾಡಿಸಬಹುದೇ?

ಕಾರು ಕೊಳ್ಳಿ, ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ನಿಯಂತ್ರಿಸುವ ತಂತ್ರಾಂಶವನ್ನು ಬದಲಿಸುವುದು) ಬೇಡ. ನೀವು ಹೇಳಿರುವ 180 ಅಶ್ವಶಕ್ತಿಯ ಆಟೊಮ್ಯಾಟಿಕ್ ಮಾದರಿಯಲ್ಲಿರುವುದು ಡ್ರೈ ಕ್ಲಚ್‌ನ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್‌ನ) ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಆ ಗೇರ್‌ಬಾಕ್ಸ್ ತಾಳಿಕೊಳ್ಳುವುದು ಸುಮಾರು 250 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ. ಕಂಪನಿಯೇ ಎಂಜಿನ್ನಿಗೆ ಅಷ್ಟನ್ನೂ ಕೊಟ್ಟಿದೆ. ರೀಮ್ಯಾಪ್‌ನಿಂದ ಎಂಜಿನ್ ಇನ್ನಷ್ಟು ಹುರುಪುಗೊಳ್ಳುತ್ತದೆ, ನಿಜ. ಹೊರೆ ಬೀಳುವುದು ಮಾತ್ರ ಕ್ಲಚ್ ಮೇಲೆ.

ಪರೀಕ್ಷಿಸಲು ಹೆದ್ದಾರಿಗೆ ಓಡಬೇಡಿ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಂಜೆಯ ದಟ್ಟಣೆಗೆ ಇಳಿಸಿ, ಒಂದು ಮತ್ತು ಎರಡನೇ ಗೇರಿನ ನಡುವೆ ತೆವಳಿಸಿ. ಕಾರು ನಡುಗಿದರೆ ಅಥವಾ ಜಗ್ಗಿದರೆ ಕ್ಲಚ್ ಸವೆದಿದೆ ಎಂಬ ಅನುಮಾನವಿರಲಿ. ಎಂಜಿನ್ ಬಿಸಿಯಾದ ಮೇಲೆ ದೇವರಾಯನದುರ್ಗದ ಏರು ಹತ್ತಿಸಿ, ತಾಪಮಾನದ ಮುಳ್ಳನ್ನು ಗಮನಿಸಿ. ಕೂಲಂಟ್ ಸೋರಿಕೆ, ಎಣ್ಣೆಯ ಮಟ್ಟ, ಸರ್ವಿಸ್ ದಾಖಲೆ ಇವನ್ನೂ ನೋಡಿ.

ಬದಲಾವಣೆಯ ಆಸೆ ತಪ್ಪಲ್ಲ. ಆದರೆ ಹಣವನ್ನು ಮೊದಲು ಒಳ್ಳೆಯ ಟೈರ್, ಬ್ರೇಕ್ ಪ್ಯಾಡ್, ಹೊಸ ಶಾಕ್ ಅಬ್ಸಾರ್ಬರ್‌ಗೆ ಹಾಕಿ. ಕಾರು ರಸ್ತೆಗೆ ಅಂಟಿಕೊಂಡು ತಿರುಗುವ ಸುಖ ಅಲ್ಲೇ ಇದೆ. ಸದ್ದು ಮಾಡುವ ಎಕ್ಸಾಸ್ಟ್ ಹಾಕಿಸಲೇಬೇಡಿ, ಬೀದಿಯಲ್ಲಿ ಮಕ್ಕಳು ಮಲಗಿರುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ನಿಷಿದ್ಧ. ವಿಮಾ ಕಂಪನಿ ಕ್ಲೇಮು ನಿರಾಕರಿಸಲೂಬಹುದು.

ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.