‘ಇವತ್ತ ಎಷ್ಟು ವಿಮಾನ ಹಾರಿದ್ವು?’

ನಾನು ಆಪ್ತ ಸಮಾಲೋಚಕಿ. ಎರಡು ಮೂರು ವರ್ಷದಿಂದ ಒಂದೇ ತರಹದ ಕಥೆ ನನ್ನ ಮುಂದೆ ಬಂದು ಕೂರುತ್ತಿದೆ. ಹುಡುಗಿ ಬೇರೆ, ಊರು ಬೇರೆ, ಕಟ್ಟಿದ ಫೀಸು ಸ್ವಲ್ಪ ಹೆಚ್ಚು ಕಡಿಮೆ, ಅಷ್ಟೇ. ಅದರಲ್ಲಿ ಈ ಒಂದು ಪ್ರಕರಣ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಅವಳ ಒಪ್ಪಿಗೆ ಕೇಳಿ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿ ಬರೆಯುತ್ತಿದ್ದೇನೆ.

ಹಾವೇರಿ ಕಡೆಯವಳು. ವಯಸ್ಸು 19. ಪಿಯುಸಿ ಸೈನ್ಸ್, ಫಸ್ಟ್ ಕ್ಲಾಸ್. ಮನೆಯಲ್ಲಿ ಮೂರು ಎಕರೆ ಮೆಕ್ಕೆಜೋಳ. ಕಾಲೇಜಿಗೇ ಬಂದಿದ್ದ ಒಂದು ತರಬೇತಿ ಸಂಸ್ಥೆಯವರು ಆರು ತಿಂಗಳ ಕೋರ್ಸ್ ಮಾಡಿದರೆ ಗಗನಸಖಿ ಕೆಲಸ ಗ್ಯಾರಂಟಿ ಅಂದರು. ಅಪ್ಪ ಬಡ್ಡಿಗೆ ತಂದು 1.4 ಲಕ್ಷ ಕಟ್ಟಿದರು. ಕೋರ್ಸ್ ಮುಗಿದ ಮೇಲೆ ಅವಳು ಎರಡು ಸಂದರ್ಶನಕ್ಕೆ ಹೋದಳು. ಎರಡೂ ಕಡೆ ಮೊದಲು ಎತ್ತರ ಅಳೆದರು, ಅಲ್ಲಿಂದಲೇ ವಾಪಸ್ ಕಳಿಸಿದರು. ಅವಳು 151 ಸೆಂ.ಮೀ. ನಮ್ಮ ಏರ್‌ಲೈನ್‌ಗಳು ಹುಡುಗಿಯರಿಗೆ ಸಾಮಾನ್ಯವಾಗಿ ಕೇಳುವುದು 155. ಸೀಟಿನ ಮೇಲಿನ ಲಗೇಜ್ ಗೂಡಿಗೆ, ಅಲ್ಲಿ ಇಟ್ಟಿರುವ ಸುರಕ್ಷತೆಯ ಸಾಮಾನಿಗೆ ಕೈ ಎಟುಕಬೇಕಲ್ಲ, ಅದಕ್ಕೆ. ಫೀಸು ತೆಗೆದುಕೊಂಡ ದಿನ ಆ ಸಂಸ್ಥೆಯಲ್ಲಿ ಯಾರಾದರೂ ಒಂದು ಟೇಪ್ ಹಿಡಿದಿದ್ದರೆ ಸಾಕಿತ್ತು.

ಇದ್ಯಾವುದೂ ನನಗೆ ಮೊದಲು ಗೊತ್ತಿರಲಿಲ್ಲ. ನಿದ್ದೆ ಬರಲ್ಲ, ಊಟ ಸೇರಲ್ಲ ಅಂತ ಪಿಜಿಯ ಗೆಳತಿ ಅವಳನ್ನು ಕರೆತಂದಿದ್ದಳು. ಎಲ್ಲಿ ಕೆಲಸ ಅಂದರೆ ‘ಏರ್‌ಪೋರ್ಟ್‌ನ್ಯಾಗ್ರಿ’ ಅಂದಿದ್ದಳು. ಎರಡು ಭೇಟಿ ಹಾಗೇ ಹೋಯಿತು.

ಮೂರನೇ ಸಲ ಬಂದಾಗ ಡ್ಯೂಟಿ ಮುಗಿಸಿ ನೇರ ಬಂದೆ ಅಂದಳು. ನಾನು ಸುಮ್ನೆ ಕೇಳಿದೆ, ‘ಪಾಸ್ ಹಾಕಿಕೊಂಡಿಲ್ವಾ?’ ನನಗೆ ಅನುಮಾನ ಏನೂ ಇರಲಿಲ್ಲ. ದೇವನಹಳ್ಳಿ ರಸ್ತೆಯ ಬಸ್ಸುಗಳಲ್ಲಿ ಓಡಾಡುವ ನಮಗೆ ಏರ್‌ಪೋರ್ಟ್ ಸಿಬ್ಬಂದಿಯ ಕೊರಳಲ್ಲಿ ಆ ಪಾಸ್ ನೋಡಿ ರೂಢಿ. ಪೊಲೀಸ್ ಪರಿಶೀಲನೆ ಆಗಿ ಆ ಪಾಸ್ ಬರದೆ ಏರ್‌ಪೋರ್ಟ್ ಒಳಗೆ ಯಾರೂ ಕೆಲಸ ಮಾಡುವ ಹಾಗಿಲ್ಲ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ.

‘ನಾ ಅಲ್ಲಿಲ್ರಿ ಮೇಡಂ. ಬಟ್ಟಿ ಅಂಗಡ್ಯಾಗ ಅದೀನ್ರಿ, ಐದು ತಿಂಗಳಾತು.’

ಆಮೇಲೆ ಅವಳೇ ಮುಂದುವರಿಸಿದಳು. ‘ದಿನಾ ಸಂಜಿಮುಂದ ಅವ್ವ ಫೋನ್ ಮಾಡ್ತಾಳ್ರಿ. ಇವತ್ತ ಎಷ್ಟು ವಿಮಾನ ಹಾರಿದ್ವು ಅಂತ ಕೇಳ್ತಾಳ. ನಾ ಯಾವ್ದರೆ ಒಂದು ನಂಬರ್ ಹೇಳ್ತೀನ್ರಿ. ಆಕಿ ಅದನ್ನ ಓಣ್ಯಾಗ ಎಲ್ಲಾರಿಗೂ ಹೇಳ್ತಾಳ.’

ಅಂಗಡಿಯಲ್ಲಿ ನಿಂತು ದುಡಿಯುವುದರಲ್ಲಿ ಅವಳಿಗೆ ನಾಚಿಕೆ ಇರಲಿಲ್ಲ. ಆ ನಂಬರ್ ಹೇಳುವುದು ಅವಳನ್ನು ತಿನ್ನುತ್ತಿತ್ತು. ಇನ್ನೂ ಒಂದು ವಿಷಯ ಅದೇ ದಿನ ಹೊರಗೆ ಬಂತು. ಯಾರೋ ಏಜೆಂಟ್ ಒಬ್ಬ 40 ಸಾವಿರ ಕೊಟ್ಟರೆ ಗ್ರೌಂಡ್ ಸ್ಟಾಫ್ ಆಫರ್ ಲೆಟರ್ ಕೊಡಿಸುತ್ತೇನೆ ಅಂದಿದ್ದ. ಸುಳ್ಳು ನಿಜ ಆಗಿಬಿಡುತ್ತದಲ್ಲ ಅಂತ ಅವಳು ಕಿವಿಯೋಲೆ ಅಡವಿಡಲು ಹೊರಟಿದ್ದಳು.

ನಾನು ಕೊಟ್ಟ ಸಲಹೆ ಇಷ್ಟೇ: ಏಜೆಂಟ್‌ಗೆ ಒಂದು ರೂಪಾಯಿಯೂ ಬೇಡ. ಮುಂದೇನು ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಅಪ್ಪನಿಗೆ ಹೇಳು.

ನನ್ನ ಸಹೋದ್ಯೋಗಿಗೆ ಇದು ಸರಿ ಅನಿಸಲಿಲ್ಲ. ಮೊದಲು ಒಂದು ಒಳ್ಳೆಯ ಕೆಲಸ ಸಿಗಲಿ, ಆಮೇಲೆ ಮನೆಯಲ್ಲಿ ಹೇಳಲಿ, ಈಗಲೇ ಹೇಳಿಸಿ ಹುಡುಗಿಯನ್ನು ಇನ್ನೂ ಕುಗ್ಗಿಸಬೇಡಿ ಅಂದರು. ಅವರ ಕಾಳಜಿ ನನಗೆ ಅರ್ಥ ಆಗುತ್ತದೆ. ಆದರೂ ನಾನು ಒಪ್ಪಲಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. ಎರಡನೇ ಸಲ ದುಡ್ಡು ಕೇಳುವವನಿಗೆ ಆ ಹುಡುಗಿ ಮನೆಗೆ ಹೇಳಿಲ್ಲ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ, ಅವನ ವ್ಯಾಪಾರ ನಡೆಯುವುದೇ ಅದರ ಮೇಲೆ. ಮನೆಗೆ ವಿಷಯ ಗೊತ್ತಾದ ದಿನ ಅವನಿಗೆ ಮಾರಲು ಏನೂ ಉಳಿಯುವುದಿಲ್ಲ. ಮೊದಲೊಮ್ಮೆ ಇಂಥದ್ದೇ ಪ್ರಕರಣದಲ್ಲಿ ನಾನು ಕಾಯೋಣ ಅಂದಿದ್ದೆ. ಆ ಹುಡುಗ ಅಷ್ಟರಲ್ಲಿ ಮೂರು ಕಡೆ ದುಡ್ಡು ಕಳೆದುಕೊಂಡಿದ್ದ.

ಮುಂದಿನ ವಾರ ನನ್ನ ಕೋಣೆಯಿಂದಲೇ ಫೋನ್ ಮಾಡಿದಳು. ಅಳುತ್ತಾ ಎಲ್ಲ ಹೇಳಿದಳು. ಆ ಕಡೆ ಸದ್ದೇ ಇಲ್ಲ. ಕೊನೆಗೆ ಅಪ್ಪ ಕೇಳಿದ್ದು, ‘ಆ ನಲವತ್ತು ಸಾವಿರ ಕೊಟ್ಟಿಲ್ಲ ಹೌದಿಲ್ಲೋ?’ ಇಲ್ಲ ಅಂದಳು. ‘ರಸೀದಿ ಎಲ್ಲಾ ಜ್ವಾಕಿ ಇಡು. ನಾ ಬರ್ತೀನಿ.’

ಇನ್ನು ಈ ಕ್ಷೇತ್ರದ ಬಗ್ಗೆ. ವಿಮಾನಯಾನದಲ್ಲಿ ಕೆಲಸ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನ ಎರಡನೇ ಟರ್ಮಿನಲ್ 2022ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು, 2023ರಲ್ಲಿ ಶಿವಮೊಗ್ಗಕ್ಕೂ ವಿಮಾನ ಬಂತು, ಅದೇ ವರ್ಷ ಇಂಡಿಗೋ ಒಂದೇ ಸಲಕ್ಕೆ 500 ವಿಮಾನಕ್ಕೆ ಆರ್ಡರ್ ಕೊಟ್ಟಿತು. ಕೆಲಸ ಇದೆ. ಆದರೆ ಒಂದೊಂದು ಕೆಲಸಕ್ಕೂ ಅದರದೇ ಬಾಗಿಲಿದೆ. ಗಗನಸಖಿ ಕೆಲಸಕ್ಕೆ ಹೊರಗಿನ ಕೋರ್ಸ್ ಕಡ್ಡಾಯ ಅಲ್ಲವೇ ಅಲ್ಲ. ಪಿಯುಸಿ ಸಾಕು, ಆಯ್ಕೆ ಆದ ಮೇಲೆ ಬೇಕಾದ ಸುರಕ್ಷತಾ ತರಬೇತಿಯನ್ನು ಏರ್‌ಲೈನ್ ಕೊಡಿಸುತ್ತದೆ. ಪೈಲಟ್ ಆಗಲು 200 ಗಂಟೆ ಹಾರಾಟ ಬೇಕು, ಖರ್ಚು ಅರ್ಧ ಕೋಟಿ ದಾಟುತ್ತದೆ. ತೋಟ ಮಾರಲು ಹೊರಟ ಅಪ್ಪಂದಿರನ್ನೂ ನೋಡಿದ್ದೇನೆ. ದಯವಿಟ್ಟು ಮೊದಲು ಮೆಡಿಕಲ್ ಮಾಡಿಸಿ. ಬಣ್ಣ ಗುರುತಿಸುವುದರಲ್ಲಿ ದೋಷ ಇದ್ದರೆ ಅದು ಅಲ್ಲೇ ಗೊತ್ತಾಗುತ್ತದೆ, ಆಗ ತೋಟವಾದರೂ ಉಳಿಯುತ್ತದೆ. ವಿಮಾನ ರಿಪೇರಿ ಸರಿಯಾಗಿದೆ ಅಂತ ಸಹಿ ಹಾಕುವ ಕೆಲಸಕ್ಕೆ ಎಎಂಇ, ಅಂದರೆ ವಿಮಾನ ನಿರ್ವಹಣೆ ಎಂಜಿನಿಯರ್ ಲೈಸೆನ್ಸ್ ಬೇಕು. ಸೇರುವ ಸಂಸ್ಥೆಗೆ ಡಿಜಿಸಿಎ, ಅಂದರೆ ವಿಮಾನಯಾನವನ್ನು ನಿಯಂತ್ರಿಸುವ ಕೇಂದ್ರ ಸರ್ಕಾರದ ಸಂಸ್ಥೆಯ ಮಾನ್ಯತೆ ಇದೆಯಾ ಅಂತ ಡಿಜಿಸಿಎ ವೆಬ್‌ಸೈಟಿನಲ್ಲೇ ನೋಡಿ, ಬ್ರೋಷರ್ ನಂಬಬೇಡಿ. ಬೆಳಗಾವಿಯಲ್ಲಿ, ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗಳಿವೆ. ಐಟಿಐ, ಡಿಪ್ಲೊಮಾ ಮಾಡಿದ ಮಕ್ಕಳು ಯಾಕೋ ಆ ಕಡೆ ನೋಡುವುದು ಕಡಿಮೆ.

ಈ ಹುಡುಗಿಗೆ ನಾನು ತೋರಿಸಿದ್ದು ಎಟಿಸಿ, ಅಂದರೆ ವಿಮಾನಗಳಿಗೆ ದಾರಿ ಹೇಳುವ ಕೆಲಸ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಜೂನಿಯರ್ ಎಕ್ಸಿಕ್ಯೂಟಿವ್ ಹುದ್ದೆಗೆ ಪರೀಕ್ಷೆ ಮಾಡುತ್ತದೆ. ಫಿಸಿಕ್ಸ್, ಮ್ಯಾಥ್ಸ್ ಇರುವ ಬಿ.ಎಸ್ಸಿ. ಅಥವಾ ಎಂಜಿನಿಯರಿಂಗ್ ಆಗಿರಬೇಕು, ವಯಸ್ಸು 27ರ ಒಳಗೆ, ಮೀಸಲಾತಿ ಇದ್ದವರಿಗೆ ಸಡಿಲಿಕೆ ಉಂಟು. ದನಿ, ಉಚ್ಚಾರಣೆಯನ್ನೂ ಪರೀಕ್ಷೆ ಮಾಡುತ್ತಾರೆ. ಪೈಪೋಟಿ ಜಾಸ್ತಿ, ಸಿಕ್ಕೇ ಸಿಗುತ್ತದೆ ಅಂತ ನಾನು ಅವಳಿಗೆ ಹೇಳಲಿಲ್ಲ. ಹಾಗೆ ಹೇಳಿದವರಿಂದಲೇ ಅಲ್ವಾ ಅವಳು ಇಲ್ಲಿಗೆ ಬಂದದ್ದು.

ಮೂರು ವರ್ಷ ಮತ್ತೆ ಓದಿಸುತ್ತೀರಾ, ಬಡವರ ಮನೆಗೆ ಇದು ಹೊರೆ ಅಲ್ವಾ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ಹೊರೆ ಹೌದು. ಆದರೆ 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ, 2023ರಲ್ಲಿ ಗೋ ಫಸ್ಟ್ ನಿಂತಾಗ ನಿಜವಾದ ಕೆಲಸ ಇದ್ದವರೂ ಒಂದೇ ಏಟಿಗೆ ಬೀದಿಗೆ ಬಂದರು. ಅಂಥ ದಿನ ಕೈಯಲ್ಲೊಂದು ಡಿಗ್ರಿ ಇದ್ದರೆ ಬೇರೆ ಬಾಗಿಲು ತಟ್ಟಬಹುದು. ಆರು ತಿಂಗಳ ಆ ಸರ್ಟಿಫಿಕೇಟು ಆಗ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಅವಳು ಊರ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದ್ದಾಳೆ. ಸಂಸ್ಥೆ ರಸೀದಿ ಕೊಟ್ಟಿದ್ದು 60 ಸಾವಿರಕ್ಕೆ ಮಾತ್ರ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದಾರೆ, ದುಡ್ಡು ಇನ್ನೂ ಬಂದಿಲ್ಲ. ನಿದ್ದೆ ಬರುತ್ತದಂತೆ. ಓಣಿಯವರಿಗೆ ಮಾತ್ರ ಅವ್ವ ಇನ್ನೂ ಏನೂ ಹೇಳಿಲ್ಲ, ಮಗಳು ರಜೆ ಮೇಲೆ ಬಂದಿದ್ದಾಳೆ ಅನ್ನುತ್ತಾಳಂತೆ. ಅದಕ್ಕೆ ಏನು ಮಾಡಲಿ ಮೇಡಂ ಅಂತ ಹೋದ ತಿಂಗಳು ಫೋನಿನಲ್ಲಿ ಕೇಳಿದಳು. ಅವ್ವನಿಗೂ ಸ್ವಲ್ಪ ದಿನ ಬೇಕು, ಅವಸರ ಮಾಡಬೇಡ ಅಂದೆ.