ಕಿವಿಯ ವಿಷಯ ಹುಡುಗನಿಗೆ ಹೇಳಲಾ, ಬೇಡವಾ?

ಪ್ರಶ್ನೆ: ನನಗೆ 26 ವರ್ಷ. ಹಾಸನ ಜಿಲ್ಲೆಯ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಮೂರು ವರ್ಷದಿಂದ ಕಿವಿ ಮಂದವಾಗುತ್ತಾ ಬಂದಿದೆ, ಬಲಗಿವಿ ಜಾಸ್ತಿ. ನೋವಿಲ್ಲ, ಸೋರುವುದಿಲ್ಲ, ಒಳಗೆ ಗುಂಯ್ ಅನ್ನುತ್ತಿರುತ್ತದೆ. ವಿಚಿತ್ರ ಅಂದರೆ ಗಲಾಟೆ ತುಂಬಿದ ಬಸ್ಸಿನಲ್ಲಿ ಪಕ್ಕದವರ ಮಾತು ಕೇಳಿಸುತ್ತದೆ, ಸದ್ದಿಲ್ಲದ ಸ್ಟಾಫ್ ರೂಮಿನಲ್ಲಿ ಕೇಳಿಸುವುದಿಲ್ಲ. ‘ಸ್ವಲ್ಪ ಗಟ್ಟಿಯಾಗಿ ಮಾತಾಡೇ’ ಅಂತ ಎಲ್ಲರೂ ಹೇಳುತ್ತಾರೆ. ಹಿಯರಿಂಗ್ ಮಷಿನ್ ಮಾರುವ ಅಂಗಡಿಯಲ್ಲಿ ಟೆಸ್ಟ್ ಮಾಡಿ, ‘ನರ ವೀಕ್ ಆಗಿದೆ, ಮಷಿನ್ ಹಾಕ್ಕೊಳ್ಳಿ’ ಅಂದರು. ತಮ್ಮ ಹುಟ್ಟಿದ ಮೇಲೆ ಅಮ್ಮನಿಗೂ ಹೀಗೇ ಕಮ್ಮಿಯಾಯಿತಂತೆ, ಅವರು ಯಾರಿಗೂ ತೋರಿಸಲೇ ಇಲ್ಲ.

ಈಗ ನನ್ನ ಮದುವೆ ಗೊತ್ತಾಗಿದೆ. ಹುಡುಗ ಬೆಂಗಳೂರಿನಲ್ಲಿದ್ದಾರೆ. ಫೋನಿನಲ್ಲಿ ಕೇಳಿಸದಿದ್ದರೆ ‘ನೆಟ್‌ವರ್ಕ್ ಇಲ್ಲ’ ಅನ್ನುತ್ತೇನೆ, ಇಲ್ಲವೇ ಸುಮ್ನೆ ‘ಹ್ಞೂಂ’ ಅಂದುಬಿಡುತ್ತೇನೆ. ಹೋದ ವಾರ ಅವರ ತಾಯಿ ನಮ್ಮಪ್ಪನಿಗೆ, ‘ಮದುವೆ ಆದಮೇಲೆ ಹುಡುಗಿ ಕೆಲಸ ಬಿಡ್ತಾಳಂತಲ್ಲ’ ಅಂದರು. ನಾನು ಹಾಗೆ ಒಪ್ಪಿದ್ದೇ ನನಗೆ ಗೊತ್ತಿಲ್ಲ! ಅಮ್ಮ ಮಾತ್ರ ‘ತಾಳಿ ಬೀಳೋವರೆಗೂ ಬಾಯಿ ಬಿಡಬೇಡ, ಬೇಕಾದರೆ ಗುಟ್ಟಾಗಿ ಆಪರೇಷನ್ ಮಾಡಿಸೋಣ’ ಅನ್ನುತ್ತಾರೆ. ಹುಟ್ಟುವ ಮಕ್ಕಳಿಗೂ ಬರುತ್ತಾ? ನಾನೇನು ಮಾಡಲಿ?
– ಹೆಸರು ಬೇಡ

ಉತ್ತರ: ಹೇಳಿ. ಮದುವೆಗೆ ಮುಂಚೆಯೇ ಹೇಳಿ, ನೀವೇ ಎದುರು ಕೂತು ಹೇಳಿ. ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ನಿಮ್ಮ ಕಿವಿಗೆ ಏನಾಗಿದೆ ಅಂತ ನಿಮಗೇ ಇನ್ನೂ ಗೊತ್ತಿಲ್ಲ. ಏನು ಅಂತಲೇ ಗೊತ್ತಿಲ್ಲದ್ದನ್ನು ಮುಚ್ಚಿಟ್ಟುಕೊಂಡು ರಾತ್ರಿಯೆಲ್ಲ ಹೆದರುತ್ತಿದ್ದೀರಿ. ನೀವು ಮುಚ್ಚಿಡುತ್ತಿರುವ ವಿಷಯ ನೀವು ಅಂದುಕೊಂಡಷ್ಟು ಭಯಂಕರ ಅಲ್ಲದೆ ಇರಬಹುದು. ಅದಕ್ಕೇ ಮೊದಲು ಆಸ್ಪತ್ರೆ, ಆಮೇಲೆ ಹುಡುಗ.

ಪತ್ರ ಓದಿ ಕಾಯಿಲೆ ಇದೇ ಅನ್ನುವುದು ಸರಿಯಲ್ಲ, ನಾನು ಹಾಗೆ ಹೇಳುವುದೂ ಇಲ್ಲ. ಆದರೆ ನೀವು ಬರೆದಿರುವ ಕೆಲವು ಮಾತುಗಳನ್ನು ಯಾವ ಇಎನ್‌ಟಿ ಡಾಕ್ಟರ್ ಕೇಳಿದರೂ ಕುರ್ಚಿ ಹತ್ತಿರ ಎಳೆದುಕೊಂಡು ಇನ್ನಷ್ಟು ವಿಚಾರಿಸುತ್ತಾರೆ. ಬಸ್ಸಿನಲ್ಲಿ ಚೆನ್ನಾಗಿ ಕೇಳಿಸುವುದು ಒಂದು. ನೀವು ಮೆಲ್ಲಗೆ ಮಾತಾಡುವುದು ಇನ್ನೊಂದು. ಅಮ್ಮನಿಗೆ ಹೆರಿಗೆ ಆದಮೇಲೆ ಕಮ್ಮಿಯಾದದ್ದು ಮತ್ತೊಂದು.

ಕಿವಿ ಕೇಳಿಸದಿರುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಸದ್ದು ಒಳಗಿವಿಗೆ ತಲುಪುವ ದಾರಿಯಲ್ಲೇ ಅಡ್ಡಿ ಇರಬಹುದು. ಗುಗ್ಗೆ ಕಟ್ಟಿಕೊಂಡಿರುವುದು, ತಮಟೆ ತೂತಾಗಿರುವುದು, ತಮಟೆಯ ಹಿಂದೆ ನೀರು ತುಂಬಿರುವುದು ಎಲ್ಲ ಇದರಲ್ಲೇ ಬರುತ್ತವೆ. ಎರಡನೆಯದು ಒಳಗಿವಿಯ ಅಥವಾ ನರದ ತೊಂದರೆ. ವಯಸ್ಸಾಗುವುದು, ದಿನಕ್ಕೆ ಎಂಟು ಗಂಟೆ 85 ಡೆಸಿಬಲ್‌ಗಿಂತ ಜಾಸ್ತಿ ಸದ್ದಿನಲ್ಲಿ ವರ್ಷಗಟ್ಟಲೆ ದುಡಿಯುವುದು, ಜೆಂಟಾಮೈಸಿನ್‌ನಂಥ ಕೆಲವು ಇಂಜೆಕ್ಷನ್‌ಗಳು, ಮಂಗನಬಾವು, ಮಿದುಳು ಜ್ವರ ಇವೆಲ್ಲ ಕಾರಣ ಆಗಬಹುದು. ಅಲ್ಲಿ ಹಾಳಾದ ಜೀವಕೋಶ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ‘ನರ ವೀಕ್’ ಅನ್ನುವುದು ಸಣ್ಣ ಮಾತಲ್ಲ, ಅಂಗಡಿಯಲ್ಲಿ ನಿಂತು ಹೇಳುವ ಮಾತಂತೂ ಅಲ್ಲ. ಹೆಡ್‌ಫೋನ್ ಹಾಕಿ ಬೀಪ್ ಸದ್ದು ಕೇಳಿಸಿದರೆ ಎಷ್ಟು ಕಮ್ಮಿಯಾಗಿದೆ ಅಂತ ಗೊತ್ತಾಗುತ್ತದೆ. ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗಬೇಕಾದರೆ ಕಿವಿ ಹಿಂದಿನ ಮೂಳೆಗೂ ಯಂತ್ರ ಒತ್ತಿ ಪರೀಕ್ಷೆ ಮಾಡಬೇಕು. ನಿಮಗೆ ಅಲ್ಲಿ ಆ ಪರೀಕ್ಷೆ ಮಾಡಿದರಾ, ನೆನಪು ಮಾಡಿಕೊಳ್ಳಿ.

ನಿಮ್ಮ ಪತ್ರ ಓದಿದರೆ ಅಡ್ಡಿ ದಾರಿಯಲ್ಲೇ ಇರಬಹುದು ಅನ್ನಿಸುತ್ತದೆ. ಅಂಥ ಕಿವಿಗೆ ಬಸ್ಸಿನ ಗದ್ದಲವೂ ಕಮ್ಮಿಯೇ ಕೇಳಿಸುತ್ತದೆ. ಆದರೆ ಪಕ್ಕದಲ್ಲಿ ಕೂತವರು ಆ ಗದ್ದಲ ಮೀರಿಸಲು ದನಿ ಏರಿಸಿರುತ್ತಾರಲ್ಲ, ಆ ದನಿ ನಿಮಗೆ ಸರಿಯಾಗಿ ಮುಟ್ಟುತ್ತದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಅಲ್ಲಿ ಕಷ್ಟ. ಇನ್ನು ನಿಮ್ಮದೇ ದನಿ ತಲೆಬುರುಡೆಯ ಮೂಳೆಯ ಮೂಲಕ ನೇರ ಒಳಗಿವಿಗೆ ಹೋಗುತ್ತದೆ. ನಿಮಗೆ ಅದು ಜೋರಾಗಿ ಕೇಳಿಸುತ್ತದೆ, ಹಾಗಾಗಿ ಗೊತ್ತಿಲ್ಲದೆಯೇ ತಗ್ಗಿಸಿಕೊಂಡು ಮಾತಾಡುತ್ತೀರಿ. ನರದ ತೊಂದರೆ ಇರುವವರು ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ಕೂಗಿ ಮಾತಾಡುತ್ತಾರೆ. ಮುಂದಿನ ಸಲ ಕೋಡುಬಳೆಯೋ ಚಕ್ಕುಲಿಯೋ ತಿನ್ನುವಾಗ ಗಮನಿಸಿ. ಅಗಿಯುವ ಕಟಕಟ ಸದ್ದಿನಲ್ಲಿ ಎದುರಿಗಿರುವವರ ಮಾತು ಪೂರ್ತಿ ಮುಳುಗಿಹೋಗುತ್ತದಾ? ಹೌದಾದರೆ ಅದನ್ನೂ ಡಾಕ್ಟರಿಗೆ ಹೇಳಿ.

ತಮಟೆ ಚೆನ್ನಾಗಿದ್ದು, ಸೋರದೆ, ನೋಯದೆ, ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಹೀಗೆ ನಿಧಾನವಾಗಿ ಕಮ್ಮಿಯಾದರೆ ಡಾಕ್ಟರುಗಳು ಮೊದಲು ಅನುಮಾನಿಸುವುದು ಓಟೊಸ್ಕ್ಲೀರೋಸಿಸ್ ಅನ್ನುವ ಕಾಯಿಲೆಯನ್ನು. ತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆ. ಕೊನೆಯದು ಕುದುರೆ ಜೀನಿನ ರಿಕಾಪಿನ ಆಕಾರದ್ದು, ಸ್ಟೇಪಿಸ್ ಅನ್ನುತ್ತಾರೆ. ಮೈಯಲ್ಲಿರುವ ಮೂಳೆಗಳಲ್ಲೆಲ್ಲ ಚಿಕ್ಕದು ಅದೇ, ಬರೀ ಮೂರು ಮಿಲಿಮೀಟರಿನಷ್ಟು. ಸದ್ದು ಬಂದಾಗ ಅದು ಅಲುಗಾಡಿ ಒಳಗಿವಿಯ ಕಿಟಕಿಯನ್ನು ತಟ್ಟಬೇಕು. ಈ ಕಾಯಿಲೆಯಲ್ಲಿ ಅದರ ಬುಡದ ಸುತ್ತ ಹೊಸ ಮೂಳೆ ಬೆಳೆಯುತ್ತದೆ. ತುಕ್ಕು ಹಿಡಿದ ಬಾಗಿಲ ಕೀಲಿನ ಹಾಗೆ ಅದು ಬಿಗಿದುಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಜಾಸ್ತಿ, ಮನೆತನದಲ್ಲಿ ಹರಿದು ಬರುವುದೂ ಉಂಟು. ಬಸುರಿ ಬಾಣಂತನದಲ್ಲಿ ಜಾಸ್ತಿಯಾಯಿತು ಅನ್ನುವ ಹೆಂಗಸರು ತುಂಬಾ ಇದ್ದಾರೆ. ಈ ಬಗ್ಗೆ ನಡೆದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ಆದರೆ ಅಮ್ಮನ ವಿಷಯವನ್ನು ಡಾಕ್ಟರಿಗೆ ತಪ್ಪದೆ ತಿಳಿಸಿ.

ನಿಮ್ಮ ಊರಿಗೆ ಮೈಸೂರು ದೂರವಲ್ಲ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಇಎನ್‌ಟಿ ವಿಭಾಗವಿದೆ. ಡಾಕ್ಟರು ಮೊದಲು ಬೆಳಕು ಬಿಟ್ಟು ತಮಟೆ ನೋಡುತ್ತಾರೆ. ಆಮೇಲೆ ಕವೆಯ ಹಾಗಿರುವ ಒಂದು ಉಕ್ಕಿನ ಕಡ್ಡಿಯನ್ನು ತಟ್ಟಿ, ಒಮ್ಮೆ ಕಿವಿಯ ಮುಂದೆ ಹಿಡಿದು, ಒಮ್ಮೆ ಕಿವಿಯ ಹಿಂದಿನ ಮೂಳೆಗೆ ಒತ್ತಿ, ಎಲ್ಲಿ ಜೋರಾಗಿ ಕೇಳಿಸಿತು ಅಂತ ಕೇಳುತ್ತಾರೆ. ಮೂಳೆಯ ಮೇಲೆ ಇಟ್ಟಾಗಲೇ ಚೆನ್ನಾಗಿ ಕೇಳಿಸಿದರೆ ಅಡ್ಡಿ ದಾರಿಯಲ್ಲಿದೆ ಅಂತ ಅರ್ಥ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಆಡಿಯೋಗ್ರಾಮ್ ತೆಗೆಯುತ್ತಾರೆ. ಗಾಳಿಯ ಒತ್ತಡ ಬದಲಿಸಿ ತಮಟೆ ಎಷ್ಟು ಅಲುಗಾಡುತ್ತದೆ ಅಂತ ಅಳೆಯುವ ಟಿಂಪನೋಮೆಟ್ರಿಯನ್ನೂ ಮಾಡುತ್ತಾರೆ. ಯಾವುದರಲ್ಲೂ ನೋವಾಗುವುದಿಲ್ಲ. ಅಲ್ಲಿಯವರೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು, ಹೇರ್‌ಪಿನ್ ಹಾಕಿ ಕೆದಕುವುದು ಬೇಡ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಮಷಿನ್ ಬೇಡವೇ ಬೇಡ.

ಇಲ್ಲಿ ಬೇರೆ ಓದುಗರಿಗೂ ಒಂದು ಮಾತು. ನಿನ್ನೆಯವರೆಗೆ ಚೆನ್ನಾಗಿದ್ದ ಕಿವಿ ಬೆಳಗ್ಗೆ ಎದ್ದಾಗ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ‘ಶೀತ ಇರಬೇಕು, ನಾಲ್ಕು ದಿನ ನೋಡೋಣ’ ಅನ್ನಬೇಡಿ. ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಓಡಿ. ಒಳಗಿವಿಗೆ ಹೀಗಾದಾಗ ಸ್ಟೀರಾಯ್ಡ್ ಔಷಧಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ವಾರಗಳು ಕಳೆದರೆ ಅವಕಾಶ ಕೈತಪ್ಪುತ್ತದೆ.

ನಿಮ್ಮದು ಓಟೊಸ್ಕ್ಲೀರೋಸಿಸ್ ಅಂತಲೇ ಗೊತ್ತಾಯಿತು ಅಂತಿಟ್ಟುಕೊಳ್ಳಿ. ದಾರಿಗಳು ಇವೆ. ಸ್ವಲ್ಪವೇ ಕಮ್ಮಿಯಾಗಿದ್ದರೆ ಆಗಾಗ ಪರೀಕ್ಷೆ ಮಾಡಿಸುತ್ತಾ ಕಾಯಬಹುದು. ಮಷಿನ್ ಹಾಕಿಕೊಳ್ಳಬಹುದು. ಒಳಗಿವಿ ಕೆಡದಿರುವವರಿಗೆ ಅದು ಬಹಳ ಚೆನ್ನಾಗಿ ಒಗ್ಗುತ್ತದೆ, ಯಾಕೆಂದರೆ ಅವರಿಗೆ ಬೇಕಾದದ್ದು ಸದ್ದು ಜೋರಾಗುವುದು ಅಷ್ಟೇ. ಮೂರನೆಯದು ಸ್ಟೆಪಿಡಾಟಮಿ ಆಪರೇಷನ್. ಬಿಗಿದುಕೊಂಡ ಮೂಳೆಯ ಮೇಲ್ಭಾಗ ತೆಗೆದು, ಬುಡದಲ್ಲಿ ಸಣ್ಣ ತೂತು ಕೊರೆದು, ಟೆಫ್ಲಾನ್ ಅಥವಾ ಟೈಟೇನಿಯಮ್‌ನ ಪುಟ್ಟ ಪಿಸ್ಟನ್ ಕೂರಿಸುತ್ತಾರೆ. ಪಳಗಿದ ಕೈಯಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಒಳ್ಳೆಯ ಫಲ ಸಿಗುತ್ತದೆ. ಆದರೆ ನೂರರಲ್ಲಿ ಒಬ್ಬರಿಗೆ ಆ ಕಿವಿ ಪೂರ್ತಿ ಹೋಗುವ ಅಪಾಯವೂ ಇದೆ. ಅದಕ್ಕೇ ಹೆಚ್ಚು ಕೆಟ್ಟಿರುವ ಕಿವಿಗೆ ಮೊದಲು ಮಾಡುತ್ತಾರೆ, ಎರಡಕ್ಕೂ ಒಟ್ಟಿಗೆ ಮಾಡುವುದಿಲ್ಲ.

ಈಗ ಅಮ್ಮನ ಗುಟ್ಟಿನ ಆಪರೇಷನ್ ವಿಚಾರ. ದಯವಿಟ್ಟು ಬೇಡ. ಆಪರೇಷನ್ ಆದ ಮೇಲೆ ಕೆಲವು ದಿನ ತಲೆ ಸುತ್ತಬಹುದು, ನಾಲಿಗೆಯ ರುಚಿ ಸ್ವಲ್ಪ ಕಾಲ ಕೆಡಬಹುದು. ಕೆಲವು ವಾರ ಭಾರ ಎತ್ತುವಂತಿಲ್ಲ, ಮೂಗು ಜೋರಾಗಿ ಸೀಟುವಂತಿಲ್ಲ, ಕಿವಿಗೆ ನೀರು ಬೀಳುವಂತಿಲ್ಲ, ವಿಮಾನ ಹತ್ತುವಂತಿಲ್ಲ. ಅರಿಸಿನ ಎಣ್ಣೆ ಶಾಸ್ತ್ರದಲ್ಲಿ ತಲೆಗೆ ನೀರು ಸುರಿಯುವಾಗ ಏನಂತ ಹೇಳುತ್ತೀರಿ? ಈ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ನಡೆಯುವಂಥದ್ದು. ಮದುವೆ ದಿನಾಂಕ ನೋಡಿಕೊಂಡು ಆಪರೇಷನ್‌ಗೆ ಅವಸರ ಮಾಡುವ ಅಗತ್ಯ ಏನೂ ಇಲ್ಲ. ಹೊರಗಿನ ಕಿವಿಗಳಿಂದ ಬಚ್ಚಿಡಲು ಒಳಗಿನ ಕಿವಿಯನ್ನು ಪಣಕ್ಕಿಡಬೇಡಿ.

ಮಕ್ಕಳ ಪ್ರಶ್ನೆಗೆ ನೇರ ಉತ್ತರ: ಬರಬಹುದು, ಬಂದೇ ಬರುತ್ತದೆ ಅಂತಿಲ್ಲ. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಸುಮಾರು ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಅಂತ ಡಾಕ್ಟರುಗಳು ಹೇಳುತ್ತಾರೆ. ಬಂದರೂ ಹುಟ್ಟುತ್ತಲೇ ಅಲ್ಲ, ಬೆಳೆದು ದೊಡ್ಡವರಾದ ಮೇಲೆ. ಮಗು ಮಾತು ಕಲಿಯುವುದಕ್ಕೆ ತೊಂದರೆಯಾಗುವುದಿಲ್ಲ. ಹುಟ್ಟುಕಿವುಡು ಬೇರೆಯೇ ವಿಷಯ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರಲ್ಲಿ ಅದರ ಸಾಧ್ಯತೆ ಜಾಸ್ತಿ. ನಿಮ್ಮ ನೆಂಟರು ಎರಡನ್ನೂ ಒಂದೇ ಮಾಡಿ ಮಾತಾಡಬಹುದು, ನೀವು ಮಾಡಬೇಡಿ.

ಇನ್ನು ಹುಡುಗನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನೋವಾದದ್ದು ಆ ‘ಹ್ಞೂಂ’ ಓದಿ. ಅವರು ಫೋನಿನಲ್ಲಿ ಏನೋ ಕೇಳಿದರು, ಬಹುಶಃ ತುಂಬಾ ಯೋಚನೆ ಮಾಡಿಯೇ ಕೇಳಿದರು. ನೀವು ಹ್ಞೂಂ ಅಂದಿರಿ. ಅವರು ಮನೆಯಲ್ಲಿ ಹೇಳಿದರು. ಈಗ ಎರಡು ಮನೆಯವರೂ ನಿಮ್ಮ ಕೆಲಸ ಹೋಯಿತು ಅಂತಲೇ ತಿಳಿದಿದ್ದಾರೆ. ಆ ಹುಡುಗ ಕೆಟ್ಟದ್ದೇನೂ ಮಾಡಲಿಲ್ಲ, ನೀವೂ ಮಾಡಲಿಲ್ಲ. ಮುಚ್ಚಿಟ್ಟಿದ್ದೇ ಇಷ್ಟು ಮಾಡಿತು. ಮದುವೆಯಾದ ಮೇಲೆ ದಿನಕ್ಕೆ ಇಂಥವು ಎಷ್ಟಾಗಬಹುದು, ಯೋಚನೆ ಮಾಡಿ. ಅತ್ತೆ ಅಡುಗೆಮನೆಯಿಂದ ಕರೆದದ್ದು ಕೇಳಿಸುವುದಿಲ್ಲ. ಅವರಿಗೆ ಅದು ಅಹಂಕಾರವಾಗಿ ಕಾಣಿಸುತ್ತದೆ. ಕಿವಿ ಮಂದ ಅಂತ ಗೊತ್ತಿದ್ದರೆ ಹತ್ತಿರ ಬಂದು ಹೇಳುತ್ತಿದ್ದರು, ಅಲ್ವಾ? ತಾಳಿ ಬಿದ್ದಮೇಲೆ ಎಲ್ಲ ಸರಿಹೋಗುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ರಿಪೋರ್ಟ್ ಕೈಗೆ ಬಂದ ಮೇಲೆ ಒಂದು ಭಾನುವಾರ ಅವರನ್ನು ಬರಹೇಳಿ, ಇಲ್ಲವೇ ನೀವೇ ಹೋಗಿ. ಫೋನಿನಲ್ಲಿ ಬೇಡ. ಬ್ರೋಕರ್ ಮೂಲಕ, ದೊಡ್ಡಪ್ಪನ ಮೂಲಕ ಖಂಡಿತ ಬೇಡ. ಬೆಳಕಿರುವ ಕಡೆ, ಅವರ ಮುಖ ಕಾಣುವ ಹಾಗೆ, ಕೇಳಿಸುವ ಕಿವಿ ಅವರ ಕಡೆಗಿರುವಂತೆ ಕೂತುಕೊಳ್ಳಿ. ಕ್ಷಮೆ ಕೇಳುವ ದನಿಯಲ್ಲಿ ಶುರು ಮಾಡಬೇಡಿ. ‘ನನಗೆ ಕಿವಿ ಕಮ್ಮಿ ಕೇಳಿಸುತ್ತೆ, ಡಾಕ್ಟರ್ ಇಂಥದ್ದು ಅಂದಿದ್ದಾರೆ, ಇಂಥ ಚಿಕಿತ್ಸೆ ಇದೆ, ಅಮ್ಮನಿಗೂ ಇರಬಹುದು. ಫೋನಿನಲ್ಲಿ ಎಷ್ಟೋ ಸಲ ಕೇಳಿಸದೆ ಹ್ಞೂಂ ಅಂದಿದ್ದೀನಿ. ಕೆಲಸ ಬಿಡೋ ವಿಷಯ ನೀವು ಕೇಳಿದ್ದು ನನಗೆ ಕೇಳಿಸಿಯೇ ಇರಲಿಲ್ಲ. ನನಗೆ ಕೆಲಸ ಬಿಡೋಕೆ ಇಷ್ಟ ಇಲ್ಲ.’ ಇಷ್ಟು ಸಾಕು. ಆಮೇಲೆ ಅವರು ಮಾತಾಡಲಿ. ಕೇಳಿಸದಿದ್ದರೆ ‘ಇನ್ನೊಂದು ಸಲ ಹೇಳಿ’ ಅನ್ನಿ. ಆ ಮಾತನ್ನು ಅವತ್ತಿನಿಂದಲೇ ರೂಢಿ ಮಾಡಿಕೊಳ್ಳಿ.

ಅವರು ಸಮಯ ಕೇಳಬಹುದು, ಕೊಡಿ. ನಿಮ್ಮ ಜೊತೆ ಡಾಕ್ಟರ ಹತ್ತಿರ ಬರುತ್ತೇನೆ ಅನ್ನಬಹುದು, ಕರೆದುಕೊಂಡು ಹೋಗಿ. ಬೇಡ ಅಂದುಬಿಡಲೂಬಹುದು. ಅದು ಸಣ್ಣ ನೋವಲ್ಲ. ಛತ್ರ ಗೊತ್ತಾಗಿರುತ್ತದೆ, ಊರೆಲ್ಲ ಕೇಳುತ್ತದೆ, ಅಪ್ಪನ ಮುಖ ನೋಡಲು ಕಷ್ಟವಾಗುತ್ತದೆ. ಆದರೂ ಬೇಡ ಅನ್ನುವವರು ಮದುವೆಗೆ ಮುಂಚೆಯೇ ಅನ್ನಲಿ ಅಂತ ನಾನು ಬಯಸುತ್ತೇನೆ. ಆಗ ನಿಮ್ಮ ಹತ್ತಿರ ಕೆಲಸ ಇರುತ್ತದೆ, ತೌರುಮನೆ ಇರುತ್ತದೆ, ಚಿಕಿತ್ಸೆಯ ದಾರಿಯೂ ತೆರೆದಿರುತ್ತದೆ.

ಅಮ್ಮನ ಮೇಲೆ ಸಿಟ್ಟಾಗಬೇಡಿ. ಇಷ್ಟು ವರ್ಷ ಅವರು ಬಚ್ಚಿಟ್ಟುಕೊಂಡೇ ಸಂಸಾರ ಮಾಡಿದ್ದಾರೆ. ಅವರಿಗೆ ಗೊತ್ತಿರುವ ದಾರಿ ಅದೊಂದೇ. ಮದುವೆ ಮನೆಗಳಲ್ಲಿ ಅವರು ಮೂಲೆಯಲ್ಲಿ ಕೂರುತ್ತಾರಾ? ಫೋನ್ ಬಂದರೆ ಅಪ್ಪನ ಕೈಗೆ ಕೊಡುತ್ತಾರಾ? ಎಲ್ಲರೂ ನಕ್ಕ ಮೇಲೆ ನಗುತ್ತಾರಾ? ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಮೈಸೂರಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ‘ನಿನಗೂ ತೋರಿಸೋಣ’ ಅಂದರೆ ಬರಲಿಕ್ಕಿಲ್ಲ. ‘ನನ್ನ ಜೊತೆಗೆ ಬಾಮ್ಮ, ಮನೆಯಲ್ಲಿ ಯಾರಿಗಿತ್ತು ಅಂತ ಡಾಕ್ಟರ್ ಕೇಳ್ತಾರೆ’ ಅನ್ನಿ. ಅದು ನಿಜವೂ ಹೌದು. ಅಲ್ಲಿ ಅವರ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ. ವರ್ಷಗಳು ಕಳೆದಂತೆ ಈ ಕಾಯಿಲೆ ಒಳಗಿವಿಗೂ ಇಳಿಯಬಹುದು. ಹಾಗಾಗಿ ಅವರಿಗೆ ಆಪರೇಷನ್‌ಗಿಂತ ಮಷಿನ್ನೇ ಸರಿ ಅಂತ ಡಾಕ್ಟರು ಹೇಳಿಯಾರು. ದುಡ್ಡಿನ ಚಿಂತೆಯಾದರೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಆದಾಯ ಮತ್ತು ಅಂಗವೈಕಲ್ಯದ ಪ್ರಮಾಣ ನೋಡಿ ಶ್ರವಣ ಸಾಧನ ಕೊಡುತ್ತಾರೆ. ಅದನ್ನು ಅಲ್ಲೇ ವಿಚಾರಿಸಿ. ಮಷಿನ್ ಕೊಡಿಸಿದ ಮೇಲೆ ಮೊದಲ ಒಂದೆರಡು ತಿಂಗಳು ಅಮ್ಮ ಅದನ್ನು ಕಿತ್ತು ಡಬ್ಬಿಗೆ ಹಾಕುತ್ತಾರೆ, ಪಾತ್ರೆ ಸದ್ದು ತಲೆಗೆ ಹೊಡೆಯುತ್ತೆ ಅನ್ನುತ್ತಾರೆ. ದಿನಕ್ಕೆ ಒಂದು ಗಂಟೆಯಿಂದ ಶುರು ಮಾಡಿಸಿ, ನಿಧಾನವಾಗಿ ಹೆಚ್ಚಿಸಿ. ಆಗಲೂ ಕಿರಿಕಿರಿ ಅಂದರೆ ವಾಪಸ್ ಕರೆದುಕೊಂಡು ಹೋಗಿ ಸದ್ದಿನ ಮಟ್ಟ ಸರಿಮಾಡಿಸಿ.